ಚೋಮನ ದುಡಿಯೂ ನೆಟ್ ಪರೀಕ್ಷೆಯೂ: ಪಾಠ ಮಾಡುತ್ತಲೇ ಮುಂದೆ ಓದುವ ಶಿಕ್ಷಕರಿಗೆ

ಪ್ರತಿ ವರ್ಷ ಡಿಸೆಂಬರ್ 10ರಂದು ವಿಶ್ವ ಮಾನವ ಹಕ್ಕುಗಳ ದಿನವನ್ನು ಆಚರಿಸಲಾಗುತ್ತದೆ. ನಮ್ಮ ಶಾಲೆಗಳಲ್ಲಿಯೂ ಅಂದು ಬೆಳಗ್ಗಿನ ಪ್ರಾರ್ಥನಾ ಸಭೆಯಲ್ಲಿ ಒಂದು ಪ್ರತಿಜ್ಞೆ, ಅತಿಥಿಯೊಬ್ಬರ ಭಾಷಣ, ಮಕ್ಕಳಿಂದ ಒಂದು ಕಿರುನಾಟಕ ನಡೆಯುತ್ತದೆ. ಮರುದಿನ ಕ್ರಿಸ್ಮಸ್ ಕಾರ್ಯಕ್ರಮದ ತಯಾರಿ ಶುರು. ಮಾನವ ಹಕ್ಕುಗಳು ಸಮಾಜ ವಿಜ್ಞಾನ ಪುಸ್ತಕದ ಒಂದು ಅಧ್ಯಾಯಕ್ಕೆ, ಪರೀಕ್ಷೆಯ ಒಂದೆರಡು ಅಂಕಗಳ ಪ್ರಶ್ನೆಗೆ ಹಿಂದಿರುಗುತ್ತವೆ.

ಆದರೆ ಅದೇ ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕಲಿಸುವ ಶಿಕ್ಷಕಿಗೆ ಈ ವಿಷಯವನ್ನು ವರ್ಷವಿಡೀ ಹೇಳಿಕೊಡುವ ಅವಕಾಶವಿದೆ. ಅವರ ಕೈಯಲ್ಲಿರುವುದು ಕತೆ. ಕಾನೂನಿನ ಕಲಮನ್ನು ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ, ಕತೆಯಲ್ಲಿ ಬಂದ ಮನುಷ್ಯನನ್ನು ಮರೆಯುವುದಿಲ್ಲ. ಹೀಗೆ ಮನಸ್ಸಿಟ್ಟು ಪಾಠ ಮಾಡುವ ಶಿಕ್ಷಕರಲ್ಲಿ ಹಲವರಿಗೆ ಮುಂದೆ ಓದುವ ಆಸೆಯೂ ಇರುತ್ತದೆ. ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದವರು ಎಂ.ಎ. ಮಾಡಬೇಕು, ನೆಟ್ ಬರೆಯಬೇಕು, ಸಾಧ್ಯವಾದರೆ ಪಿಎಚ್.ಡಿ. ಮಾಡಬೇಕು ಎಂದುಕೊಳ್ಳುತ್ತಾರೆ. ಪಾಠ ಬಿಟ್ಟು ಓದಲು ಹೋಗುವುದೋ, ಓದಿನ ಆಸೆ ಬಿಟ್ಟು ಪಾಠವನ್ನೇ ಮಾಡಿಕೊಂಡಿರುವುದೋ ಎಂಬ ಗೊಂದಲದಲ್ಲಿ ನಾಲ್ಕೈದು ವರ್ಷ ಕಳೆದುಹೋಗುತ್ತದೆ. ಇವು ಎರಡು ಬೇರೆ ಬೇರೆ ಕೆಲಸಗಳಲ್ಲ ಎಂಬುದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ಮಾಡುವ ಪಾಠವೇ ಮುಂದಿನ ಓದಿಗೆ ಒಳ್ಳೆಯ ಸಿದ್ಧತೆ. ಅದು ಹೇಗೆ ಎಂದು ಇಲ್ಲಿ ವಿವರಿಸುತ್ತೇವೆ. ಶಾಲೆಗಳ ಆಡಳಿತ ನೋಡಿಕೊಳ್ಳುವ ಧರ್ಮಗುರುಗಳು, ಧರ್ಮಭಗಿನಿಯರು, ಪಾಲನಾ ಮಂಡಳಿಯ ಸದಸ್ಯರು ಸಹ ಇದನ್ನು ಓದಬೇಕೆಂದು ವಿನಂತಿ. ಲೇಖನದ ಕೊನೆಯ ಭಾಗ ಅವರಿಗೆ ಸಂಬಂಧಪಟ್ಟದ್ದು.

ಒಂದು ಪದದ ಬದಲಾವಣೆ

ವಿಶ್ವಸಂಸ್ಥೆಯ ಮಹಾಸಭೆ 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರಲ್ಲಿ 30 ವಿಧಿಗಳಿವೆ. ಕರಡು ತಯಾರಿಸಿದ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಹಂಸಾ ಮೆಹ್ತಾ. ಮೊದಲನೆಯ ವಿಧಿಯ ಇಂಗ್ಲಿಷ್ ಕರಡಿನಲ್ಲಿ ‘ಆಲ್ ಮೆನ್’ ಎಂದಿತ್ತು. ‘ಮೆನ್’ ಎಂದರೆ ಎಲ್ಲ ಮನುಷ್ಯರೂ ಸೇರಿದರು ಎಂದು ಹಲವರು ಸಮಾಧಾನಪಟ್ಟುಕೊಂಡಿದ್ದರು. ಹಂಸಾ ಮೆಹ್ತಾ ಒಪ್ಪಲಿಲ್ಲ. ಹಾಗೆ ಬರೆದರೆ ಹೆಂಗಸರನ್ನು ಬಿಟ್ಟುಬಿಡಲು ಅವಕಾಶವಾಗುತ್ತದೆ ಎಂಬುದು ಅವರ ಆಕ್ಷೇಪ. ಕೊನೆಗೆ ಅದು ‘ಆಲ್ ಹ್ಯೂಮನ್ ಬೀಯಿಂಗ್ಸ್’ ಎಂದಾಯಿತು.

ಭಾಷಾ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಒಂದು ಪದ ಬದಲಾದರೆ ಅರ್ಧ ಮನುಷ್ಯಕುಲ ಒಳಗೆ ಬರುತ್ತದೆ ಅಥವಾ ಹೊರಗೆ ಉಳಿಯುತ್ತದೆ. ಕನ್ನಡದಲ್ಲಿ ಇದನ್ನೇ ಮಾಡಿ ನೋಡಬಹುದು. ಕರಿಹಲಗೆಯ ಮೇಲೆ ಆರು ಹೆಸರು ಬರೆಯಿರಿ: ಡಾಕ್ಟರು, ಮೀನು ಮಾರುವ ಹೆಂಗಸು, ಬ್ಯಾಂಕ್ ಮ್ಯಾನೇಜರ್, ಕಸ ಒಯ್ಯುವವನು, ಮನೆಕೆಲಸದ ಹುಡುಗಿ, ಹೆಡ್‌ಮಾಸ್ಟರು. ಪ್ರತಿಯೊಬ್ಬರೂ ‘ಬಂದದ್ದನ್ನು’ ಹೇಳುವ ವಾಕ್ಯ ಬರೆಯಲು ಮಕ್ಕಳಿಗೆ ಹೇಳಿ. ಮ್ಯಾನೇಜರ್ ಬಂದರು, ಕಸದವ ಬಂದ, ಕೆಲಸದ ಹುಡುಗಿ ಬಂತು ಎಂದು ಬರೆದ ಪುಸ್ತಕಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಇಲ್ಲಿ ಯಾರನ್ನೂ ಬೈಯುವ ಅಗತ್ಯವಿಲ್ಲ. ಮೂರು ಜನರಿಗೆ ‘ಬಂದರು’ ಏಕೆ, ಉಳಿದವರಿಗೆ ಏಕೆ ಇಲ್ಲ ಎಂದು ಕೇಳಿದರೆ ಸಾಕು. (ಕೊಂಕಣಿ ಮನೆಮಾತಿನ ಮಕ್ಕಳು ಎಳೆಯ ಹುಡುಗಿಯನ್ನು ‘ತೆಂ’ ಎನ್ನುವುದು ವ್ಯಾಕರಣ, ತಿರಸ್ಕಾರವಲ್ಲ. ಆ ಮಕ್ಕಳು ಕನ್ನಡದಲ್ಲಿ ‘ಬಂತು’ ಎಂದು ಬರೆದರೆ ಶಿಕ್ಷಕರು ಈ ವ್ಯತ್ಯಾಸವನ್ನು ತಿಳಿದಿರಬೇಕು.) ವ್ಯಾಕರಣದ ಪಿರಿಯಡ್ ಹಾಳಾಗುವುದಿಲ್ಲ. ಲಿಂಗ, ವಚನ, ಗೌರವಸೂಚಕ ಬಹುವಚನ, ಎಲ್ಲವೂ ಆಗುತ್ತದೆ.

ಚೋಮನನ್ನು ತರಗತಿಗೆ ಕರೆತರುವುದು

ಕರಾವಳಿಯಲ್ಲಿ ಮಾನವ ಹಕ್ಕುಗಳನ್ನು ಸಾಹಿತ್ಯದ ಮೂಲಕ ಕಲಿಸಬೇಕೆಂದರೆ ಮೊದಲು ನೆನಪಾಗುವ ಕೃತಿ ಶಿವರಾಮ ಕಾರಂತರ ‘ಚೋಮನ ದುಡಿ’. 1930ರ ದಶಕದ ಆರಂಭದಲ್ಲಿ ಬಂದ ಚಿಕ್ಕ ಕಾದಂಬರಿ. ಒಂದು ವಾರದಲ್ಲಿ ತರಗತಿಯಲ್ಲಿಯೇ ಓದಿ ಮುಗಿಸಬಹುದು. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಚಲನಚಿತ್ರ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಚೋಮ ಧಣಿಯ ಮನೆಯ ಜೀತದ ಆಳು, ಅಸ್ಪೃಶ್ಯ. ಅವನ ಬಳಿ ಒಂದು ಜೊತೆ ಎತ್ತುಗಳಿವೆ. ತನ್ನದೇ ಒಂದು ತುಂಡು ಗದ್ದೆ ಉಳಬೇಕೆಂಬುದು ಅವನ ಒಂದೇ ಆಸೆ. ಅವನ ಜಾತಿಯವರು ಬೇಸಾಯಗಾರರಾಗುವ ಪದ್ಧತಿ ಊರಿನಲ್ಲಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಕಾಯಿಲೆಯಿಂದ ಸಾಯುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯ ಜೊತೆ ಹೊರಟುಹೋಗುತ್ತಾನೆ. ಚಿಕ್ಕವನು ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ಯಾರೂ ಎತ್ತುವುದಿಲ್ಲ. ಮಗಳು ಬೆಳ್ಳಿಯ ಕತೆ ತೋಟದ ರೈಟರ್ ಮನ್ವೇಲನ ಜೊತೆ ಸೇರಿಕೊಳ್ಳುತ್ತದೆ. ಕೊನೆಗೆ ಚೋಮನಿಗೆ ಉಳಿಯುವುದು ಅವನ ದುಡಿ ಮಾತ್ರ.

ಈ ಕಾದಂಬರಿಯನ್ನು ಪಾಠ ಮಾಡುವವರು ಸಾಮಾನ್ಯವಾಗಿ ಮಾಡುವುದು ಏನೆಂದರೆ, ಮೊದಲು ಸಂವಿಧಾನದ ವಿಧಿಗಳನ್ನು ಹೇಳುವುದು: ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿ, ಬಲವಂತದ ದುಡಿಮೆಯನ್ನು ನಿಷೇಧಿಸಿದ 23ನೇ ವಿಧಿ. ಆಮೇಲೆ ಚೋಮನನ್ನು ಉದಾಹರಣೆಯಾಗಿ ತರುವುದು. ಹೀಗೆ ಮಾಡಿದರೆ ಚೋಮ ಒಂದು ಉದಾಹರಣೆಯಾಗಿಯೇ ಉಳಿಯುತ್ತಾನೆ. ಕ್ರಮವನ್ನು ತಿರುಗಿಸಬೇಕು. ಮೊದಲು ಕತೆ ಓದಲಿ, ಮಕ್ಕಳಿಗೆ ಸಿಟ್ಟು ಬರಲಿ. ಆ ಹುಡುಗನನ್ನು ಎತ್ತಲಿಲ್ಲವಲ್ಲ ಟೀಚರ್, ಅವರಿಗೆ ಶಿಕ್ಷೆ ಇಲ್ಲವೇ ಎಂದು ಯಾರಾದರೂ ಕೇಳಲಿ. ಆಗ ಸಂವಿಧಾನದ ಪುಸ್ತಕ ತೆರೆಯಬಹುದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆಲ್ಲ ಆ ಪ್ರಶ್ನೆಗೆ ಉತ್ತರವಾಗಿ ಬಂದರೆ ಮಕ್ಕಳ ತಲೆಯಲ್ಲಿ ನಿಲ್ಲುತ್ತವೆ.

ಇನ್ನೊಂದು ಪ್ರಶ್ನೆಯನ್ನು ಶಿಕ್ಷಕರೇ ಎತ್ತಬಹುದು. 1974ರಲ್ಲಿ ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಉಳುವವನೇ ಹೊಲದೊಡೆಯ ಎಂಬ ಮಾತು ಮನೆಮಾತಾಯಿತು. ಚೋಮ ಆಗ ಬದುಕಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತೇ? ಇಡೀ ತರಗತಿ ‘ಹೌದು’ ಎನ್ನುತ್ತದೆ. ಆದರೆ ಆ ಕಾನೂನಿನಿಂದ ಹೆಚ್ಚಿನ ಲಾಭ ಪಡೆದವರು ಗೇಣಿದಾರರು. ಚೋಮ ಗೇಣಿದಾರನಾಗಿರಲಿಲ್ಲ, ಆಗಲು ಅವನನ್ನು ಬಿಟ್ಟಿರಲೂ ಇಲ್ಲ. ಗೇಣಿ ಚೀಟಿ ಇಲ್ಲದವನು ಡಿಕ್ಲರೇಶನ್ ಕೊಡುವುದಾದರೂ ಏನನ್ನು ತೋರಿಸಿ? ನಮ್ಮ ಅನೇಕ ಕುಟುಂಬಗಳು ಗೇಣಿ ಒಕ್ಕಲುಗಳಾಗಿದ್ದು 1974ರ ನಂತರ ಭೂಮಿಯ ಮಾಲಕರಾದವು. ಅದೇ ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದವರು ಕೂಲಿಗಳಾಗಿಯೇ ಉಳಿದರು. ಅಜ್ಜಿ ಅಜ್ಜಂದಿರಲ್ಲಿ ಕೇಳಿಕೊಂಡು ಬನ್ನಿ ಎಂದು ಮಕ್ಕಳಿಗೆ ಮನೆಕೆಲಸ ಕೊಡಬಹುದು. ಒಳ್ಳೆಯ ಕಾನೂನು ಕೂಡ ಯಾರನ್ನು ಎಣಿಸಿತು, ಯಾರನ್ನು ಎಣಿಸಲಿಲ್ಲ ಎಂಬುದನ್ನು ಕಾದಂಬರಿಯ ಸಹಾಯವಿಲ್ಲದೆ ತಿಳಿಸುವುದು ಕಷ್ಟ.

ಇನ್ನು ಮನ್ವೇಲನ ವಿಷಯ. ಇದನ್ನು ನಮ್ಮ ಶಾಲೆಗಳಲ್ಲಿ ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ಆದರೆ ಮಾನ್ವೆಲ್ ಎಂಬ ಹೆಸರು ನಮ್ಮ ಬಾಪ್ತಿಸ್ಮ ರಿಜಿಸ್ಟರುಗಳಲ್ಲಿ ಅಪರೂಪವಲ್ಲ. ಲೆಕ್ಕ ಬರೆಯಲು ಕಲಿತು ತೋಟದಲ್ಲಿ ಅಧಿಕಾರ ಪಡೆದವನು, ಅಧಿಕಾರವಿಲ್ಲದ ಹುಡುಗಿಯ ಅಸಹಾಯಕತೆಯನ್ನು ಬಳಸಿಕೊಂಡವನು, ನಮ್ಮವನೇ. ಅದೇ ಕಾದಂಬರಿಯಲ್ಲಿ, ಕ್ರೈಸ್ತನಾದರೆ ಉಳುವ ಭೂಮಿ ಸಿಕ್ಕೀತು ಎಂಬ ಆಸೆಯೂ ಚೋಮನ ಮುಂದೆ ಬರುತ್ತದೆ. ಅವನು ತನ್ನ ದೈವವನ್ನು ಬಿಡಲೊಲ್ಲದೆ ಹಿಂದೆ ಸರಿಯುತ್ತಾನೆ. ಕಾರಂತರು ಕ್ರೈಸ್ತರಿಗೆ ಅನ್ಯಾಯ ಮಾಡಿದರು ಎಂದು ಮುನಿಸಿಕೊಳ್ಳುವುದಾಗಲಿ, ಶಾಲೆಗಳನ್ನು ತೆರೆದವರು ನಾವಲ್ಲವೇ ಎಂದು ವಾದಿಸುವುದಾಗಲಿ ಪಾಠವಲ್ಲ. ಚೋಮ ಕೇಳಿದ್ದೇನು? ಉಳಲು ಭೂಮಿ. ಒಂದು ಕಡೆ ಜಾತಿಯ ಕಾರಣಕ್ಕೆ ಅದನ್ನು ನಿರಾಕರಿಸಲಾಯಿತು, ಇನ್ನೊಂದು ಕಡೆ ಮತದ ಷರತ್ತಿನ ಮೇಲೆ ತೋರಿಸಲಾಯಿತು. ಹಕ್ಕಿಗೂ ಉಪಕಾರಕ್ಕೂ ಇರುವ ವ್ಯತ್ಯಾಸ ಇಲ್ಲಿ ಮಕ್ಕಳಿಗೆ ತಿಳಿಯುತ್ತದೆ. 25ನೇ ವಿಧಿ ಹೇಳುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ನಮ್ಮ ಶಾಲೆಗಳು ಸದಾ ನೆನಪಿಸಿಕೊಳ್ಳುವ ವಿಧಿ. ಆ ಸ್ವಾತಂತ್ರ್ಯ ಚೋಮನಿಗೂ ಇತ್ತು ಎಂದು ಹೇಳುವ ಧೈರ್ಯ ನಮ್ಮ ಶಿಕ್ಷಕರಿಗೆ ಇರಬೇಕು.

ತರಗತಿಯಲ್ಲಿ ಎಚ್ಚರ ಬೇಕಾದ ಕೆಲವು ಕಡೆಗಳಿವೆ. ಇದನ್ನು ಪ್ರತಿಭಾ ಕಾರಂಜಿಗೆ ನಾಟಕವಾಗಿ ಮಾಡಿಸುವಾಗ ಕಪ್ಪು ಮೈಬಣ್ಣದ ಹುಡುಗನನ್ನೇ ಚೋಮನ ಪಾತ್ರಕ್ಕೆ ಆರಿಸುವುದನ್ನು ದಯವಿಟ್ಟು ನಿಲ್ಲಿಸಿ. ದಲಿತ ಕುಟುಂಬದ ಮಗುವನ್ನು ಎಬ್ಬಿಸಿ ‘ನಿಮ್ಮ ಮನೆಯಲ್ಲಿ ಹೇಗೆ’ ಎಂದು ಕೇಳಬಾರದು. ಜಾತಿಸೂಚಕ ಪದ ಬಂದಾಗ ಇದನ್ನು ಲೇಖಕರು ಏಕೆ ಬಳಸಿದರು, ಇಂದು ನಾವು ಏಕೆ ಬಳಸಬಾರದು ಎಂದು ಓದುವ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಆಟದ ಬಯಲಿನಲ್ಲಿ ಅದೇ ಪದ ಬೈಗುಳವಾಗಿ ಕೇಳಿಬರುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಬೆಳ್ಳಿಯ ಕತೆ ಓದಿದ ಮೇಲೆ ಒಬ್ಬ ಹುಡುಗಿಯೋ ಹುಡುಗನೋ ತನ್ನದೇ ಕತೆ ಹೇಳಲು ಶಿಕ್ಷಕಿಯ ಹತ್ತಿರ ಬರಬಹುದು. ಆಗ ಅದು ಸಾಹಿತ್ಯವಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ ಅದು ಒಂದು ವರ್ಷದ ವರೆಗೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಆರೋಪ ಯಾರ ಮೇಲೆ ಬಂದಿದೆ ಎಂದು ನೋಡಿ ತೀರ್ಮಾನಿಸುವ ಅಧಿಕಾರ ಹೆಡ್‌ಮಾಸ್ಟರರಿಗಾಗಲಿ, ಆಡಳಿತ ಮಂಡಳಿಗಾಗಲಿ, ಚರ್ಚಿನ ಗುರುಗಳಿಗಾಗಲಿ ಇಲ್ಲ. ಶಾಲೆಯ ಮರ್ಯಾದೆಯ ಮಾತು ಬಂದಾಗ ಶಿಕ್ಷಕಿಗೆ ಈ ಕಲಮುಗಳ ಸಂಖ್ಯೆ ಬಾಯಿಗೆ ಬರುವಂತಿರಲಿ.

ಬೇರೆ ಪುಸ್ತಕಗಳು

ಒಂದೇ ಪುಸ್ತಕಕ್ಕೆ ನಿಲ್ಲಬೇಕಾಗಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಹಸಿದ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯಿಡೀ ತಿನ್ನುತ್ತಾರೆ, ಆಮೇಲೆ ಪೊಲೀಸರು ಮನೆ ಶೋಧಕ್ಕೆ ಬರುತ್ತಾರೆ. ಹಸಿವಿನ ಅಪರಾಧವನ್ನೂ ಖಾಕಿಯ ಅಧಿಕಾರವನ್ನೂ ಒಟ್ಟಿಗೆ ಚರ್ಚಿಸಲು ಪಿಯುಸಿ ಮಕ್ಕಳಿಗೆ ಇದು ಚೆನ್ನಾಗಿ ಒದಗುತ್ತದೆ. 2023ರಲ್ಲಿ ಮಂಗಳೂರಿನಲ್ಲಿ ನಿಧನರಾದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಕತೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಅವನ್ನು ಎಲ್ಲರೂ ಹುಡುಕುತ್ತಿದ್ದಾರೆ, ಸಂತೋಷ. ಆದರೆ ಒಂದು ಮಾತು: ಮುಸ್ಲಿಂ ಲೇಖಕಿಯರು ತಮ್ಮ ಸಮುದಾಯವನ್ನು ಪ್ರಶ್ನಿಸಿ ಬರೆದದ್ದನ್ನು ನಮ್ಮ ತರಗತಿಯಲ್ಲಿ ಓದಿ ‘ಅವರಲ್ಲಿ ಹೀಗೆ’ ಎಂದು ತಲೆ ಅಲ್ಲಾಡಿಸಲು ಬಳಸಿದರೆ ಆ ಲೇಖಕಿಯರಿಗೆ ಅನ್ಯಾಯ ಮಾಡಿದಂತೆ. ಅವರು ಮೊದಲು ಪ್ರಶ್ನಿಸಿದ್ದು ತಮ್ಮ ಮನೆಯನ್ನು. ಮನ್ವೇಲನ ಪಾಠ ಆದ ಮೇಲೆ ನಾದಿರಾಳ ಪಾಠ ಮಾಡಿದರೆ ಈ ತೊಂದರೆ ಬರುವುದಿಲ್ಲ.

ನಾ. ಡಿಸೋಜರನ್ನು ನಮ್ಮವರು ಹೆಚ್ಚು ಓದಬೇಕಿತ್ತು ಎಂಬ ಬೇಸರ ನಮಗಿದೆ. ಸಾಗರದ ಈ ಕ್ರೈಸ್ತ ಲೇಖಕರು 2014ರಲ್ಲಿ ಮಡಿಕೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ತೀರಿಕೊಂಡರು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದ್ದ ಅವರು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳಕೊಂಡವರ ಬದುಕನ್ನು ಹತ್ತಿರದಿಂದ ಬಲ್ಲವರು. ‘ಮುಳುಗಡೆ’, ‘ದ್ವೀಪ’ ಆ ಅನುಭವದ ಕಾದಂಬರಿಗಳು. ಗಿರೀಶ್ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲನಚಿತ್ರ ಮಾಡಿದ್ದಾರೆ. ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದು ಎಕರೆ, ಮರ, ಕಟ್ಟಡಗಳ ಬೆಲೆ ಕಟ್ಟುತ್ತಿತ್ತು. ಮನೆ ಬಿಟ್ಟವರು ಎಲ್ಲಿ ಹೋಗಬೇಕು ಎಂಬುದನ್ನು ಅದು ಕೇಳುತ್ತಿರಲಿಲ್ಲ. ಪುನರ್ವಸತಿಯನ್ನು ಹಕ್ಕೆಂದು ಬರೆದ ಕೇಂದ್ರ ಕಾನೂನು ಬಂದದ್ದು 2013ರಲ್ಲಿ, ಅಂದರೆ ಅಣೆಕಟ್ಟಾದ 49 ವರ್ಷಗಳ ನಂತರ. ನಡುವಿನ ಅಷ್ಟೂ ಕಾಲ ಆ ಜನರ ಅಹವಾಲನ್ನು ದಾಖಲಿಸಿದ್ದು ಕಾದಂಬರಿ. ಬಂದರಿಗೆ, ಕಾರ್ಖಾನೆಗೆ ನೆಲ ಬಿಟ್ಟುಕೊಟ್ಟ ಕುಟುಂಬಗಳು ಕರಾವಳಿಯಲ್ಲಿಯೂ ಇರುವುದರಿಂದ ಮಕ್ಕಳಿಗೆ ಈ ಪಾಠ ದೂರದ್ದಾಗಿ ಕಾಣುವುದಿಲ್ಲ.

ಪಾಠದಿಂದ ಸಂಶೋಧನೆಗೆ

ಈಗ ಶಿಕ್ಷಕಿಯ ಸ್ವಂತ ಓದಿಗೆ ಬರೋಣ. ಪಿಎಚ್.ಡಿ. ಪ್ರವೇಶದ ಸಂದರ್ಶನದಲ್ಲಿ ಅಭ್ಯರ್ಥಿಗಳು ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಅವರ ಬಳಿ ವಿಷಯ ಇರುತ್ತದೆ, ಪ್ರಶ್ನೆ ಇರುವುದಿಲ್ಲ. ‘ಕನ್ನಡ ಕಾದಂಬರಿಗಳಲ್ಲಿ ಮಾನವ ಹಕ್ಕುಗಳು’ ಎಂಬುದು ವಿಷಯ. ಅದರ ಮೇಲೆ ಮುನ್ನೂರು ಪುಟ ಬರೆಯಬಹುದು, ಹೊಸದೇನನ್ನೂ ಹೇಳದೆ. ‘ಮುಳುಗಡೆಯ ಕಾದಂಬರಿಗಳಲ್ಲಿ ಪರಿಹಾರದ ಹಣ ಯಾರ ಹೆಸರಿಗೆ ಬರುತ್ತದೆ, ಆ ಮನೆಯ ಹೆಂಗಸರಿಗೆ ಅದರಲ್ಲಿ ಏನು ಪಾಲು?’ ಎಂಬುದು ಪ್ರಶ್ನೆ. ‘1974ರ ನಂತರದ ಕರಾವಳಿ ಕತೆಗಳಲ್ಲಿ ಗೇಣಿಯೂ ಇಲ್ಲದ ಕೂಲಿಯವನಿಗೆ ಏನಾಯಿತು?’ ಎಂಬುದು ಇನ್ನೊಂದು. ಇಂಥ ಪ್ರಶ್ನೆಗಳು ಗ್ರಂಥಾಲಯದಲ್ಲಿ ಕುಳಿತವರಿಗಿಂತ ಒಂಬತ್ತನೇ ತರಗತಿಯಲ್ಲಿ ನಿಂತವರಿಗೆ ಬೇಗ ಹೊಳೆಯುತ್ತವೆ, ಏಕೆಂದರೆ ಮಕ್ಕಳು ಕೇಳಿಬಿಡುತ್ತಾರೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಹತ್ತು ಸಾಲು ಸಾಕು. ಯಾವ ಭಾಗ ಓದಿದೆವು, ಯಾವ ಮಾತಿಗೆ ತರಗತಿ ಸುಮ್ಮನಾಯಿತು, ಎಲ್ಲಿ ನಕ್ಕರು, ಉತ್ತರ ಕೊಡಲಾಗದ ಪ್ರಶ್ನೆ ಯಾವುದು, ಇಷ್ಟನ್ನು ತಾರೀಕಿನ ಜೊತೆ ಬರೆಯುವುದು. ಎರಡು ವರ್ಷದ ಇಂಥ ನೋಟ್‌ಬುಕ್ ಕೈಯಲ್ಲಿದ್ದರೆ ಸಂಶೋಧನಾ ಪ್ರಸ್ತಾವನೆಯ ಮೊದಲ ಕರಡು ಅರ್ಧ ಬರೆದಂತೆಯೇ. ವಿದೇಶದ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕೇಳುವ ಉದ್ದೇಶ ಪತ್ರದಲ್ಲಿ ‘ಬಾಲ್ಯದಿಂದಲೇ ಸಾಹಿತ್ಯದ ಮೇಲೆ ಒಲವು’ ಎಂದು ಬರೆಯುವ ಬದಲು ಒಂದು ತರಗತಿಯ ಒಂದು ಪ್ರಶ್ನೆಯಿಂದ ಆರಂಭಿಸಬಹುದು. ಮಕ್ಕಳ ಹೆಸರುಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿಯೇ ಬದಲಿಸಿಬಿಡಿ. ಮಕ್ಕಳು ಬರೆದದ್ದನ್ನು ಮುಂದೆ ಪ್ರಬಂಧದಲ್ಲಿ ಬಳಸುವುದಿದ್ದರೆ ಹೆತ್ತವರ ಲಿಖಿತ ಒಪ್ಪಿಗೆಯೂ ಶಾಲೆಯ ಅನುಮತಿಯೂ ಬೇಕು.

ಜೊತೆಗೆ ಒಂದೆರಡು ಸಿದ್ಧಾಂತದ ಪುಸ್ತಕಗಳನ್ನು ಓದಿಕೊಂಡಿರಬೇಕು. ಅಮೆರಿಕದ ಇತಿಹಾಸಕಾರ್ತಿ ಲಿನ್ ಹಂಟ್ 2007ರಲ್ಲಿ ಪ್ರಕಟಿಸಿದ ‘ಇನ್ವೆಂಟಿಂಗ್ ಹ್ಯೂಮನ್ ರೈಟ್ಸ್’ ಎಂಬ ಪುಸ್ತಕದಲ್ಲಿ ಒಂದು ಕುತೂಹಲದ ವಾದವಿದೆ. ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಜನ ಪತ್ರರೂಪದ ಕಾದಂಬರಿಗಳನ್ನು ಮುಗಿಬಿದ್ದು ಓದುತ್ತಿದ್ದರು. ರಿಚರ್ಡ್‌ಸನ್ನನ ‘ಪಮೇಲಾ’ ಅಂಥದ್ದು, ಅದರ ನಾಯಕಿ ಒಬ್ಬ ಮನೆಕೆಲಸದ ಹುಡುಗಿ. ತಮಗಿಂತ ಕೆಳಗಿನವಳೆಂದು ತಿಳಿದಿದ್ದ ಹುಡುಗಿಗೂ ತಮ್ಮಂಥದೇ ಒಳಮನಸ್ಸಿದೆ ಎಂದು ಓದುಗರಿಗೆ ಅನಿಸತೊಡಗಿತು, ಮನುಷ್ಯರೆಲ್ಲ ಸಮಾನರು ಎಂಬ ಮಾತನ್ನು ಒಪ್ಪಲು ಅದು ಮನಸ್ಸನ್ನು ಹದಗೊಳಿಸಿತು ಎನ್ನುತ್ತಾರೆ ಹಂಟ್. ಅದೇ ವರ್ಷ ಬಂದ ಜೋಸೆಫ್ ಸ್ಲಾಟರ್ ಅವರ ‘ಹ್ಯೂಮನ್ ರೈಟ್ಸ್, ಇಂಕ್.’ ಸ್ವಲ್ಪ ಕಠಿಣ ಪುಸ್ತಕ. ವ್ಯಕ್ತಿಯೊಬ್ಬ ಬೆಳೆದು ಸಮಾಜದಲ್ಲಿ ಸ್ಥಾನ ಪಡೆಯುವ ಕತೆ ಹೇಳುವ ಕಾದಂಬರಿ ಪ್ರಕಾರಕ್ಕೂ ಮಾನವ ಹಕ್ಕುಗಳ ಕಾನೂನಿಗೂ ಇರುವ ನಂಟನ್ನು ಅದು ಹೇಳುತ್ತದೆ. ಚೋಮನ ಕತೆಯಲ್ಲಿ ಬೆಳೆಯುವುದೂ ಇಲ್ಲ, ಸ್ಥಾನ ಸಿಗುವುದೂ ಇಲ್ಲ. ಹಾಗಾದರೆ ಸ್ಲಾಟರ್ ಅವರ ವಾದ ಇಲ್ಲಿ ಏನಾಗುತ್ತದೆ? ಇದೂ ಒಂದು ಸಂಶೋಧನಾ ಪ್ರಶ್ನೆಯೇ.

ಹಂಟ್ ಅವರ ವಾದಕ್ಕೆ ಆಕ್ಷೇಪವೂ ಇದೆ. ಕಾದಂಬರಿ ಓದಿ ಅತ್ತವರೇ ಮನೆಯಲ್ಲಿ ಆಳುಗಳನ್ನು ಹೊಡೆಯುತ್ತಿದ್ದರು, ತೋಟಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. ನಮ್ಮಲ್ಲಿಯೂ ಟಾಕೀಸಿನಲ್ಲಿ ಚೋಮನಿಗಾಗಿ ಕಣ್ಣೊರೆಸಿಕೊಂಡವರು ಮರುದಿನ ಕೂಲಿಯವನಿಗೆ ಹಿಂದಿನ ಬಾಗಿಲಲ್ಲಿ ಬೇರೆ ಲೋಟದಲ್ಲಿಯೇ ಚಹಾ ಕೊಟ್ಟಿರಬಹುದು. ಮರುಕ ಹುಟ್ಟಿಸುವುದು ಒಂದು, ಹಕ್ಕನ್ನು ಒಪ್ಪಿಕೊಳ್ಳುವುದು ಇನ್ನೊಂದು. ಮಕ್ಕಳು ಅತ್ತರು ಎಂದು ಪಾಠ ಯಶಸ್ವಿಯಾಯಿತು ಎಂದುಕೊಳ್ಳುವ ಶಿಕ್ಷಕರಿಗೆ ಈ ಆಕ್ಷೇಪ ತಿಳಿದಿರಬೇಕು.

ಪರೀಕ್ಷೆ, ನಿಯಮ ಮತ್ತು ರಜೆ

ನೆಟ್ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಒಟ್ಟು 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಪತ್ರಿಕೆಯ 50 ಪ್ರಶ್ನೆಗಳು ಬೋಧನೆ, ಸಂಶೋಧನೆ, ತರ್ಕ ಇತ್ಯಾದಿಗಳ ಬಗ್ಗೆ. ಬಿ.ಎಡ್. ಮಾಡಿ ಪಾಠ ಮಾಡುತ್ತಿರುವವರಿಗೆ ಇದರಲ್ಲಿ ಅರ್ಧ ಗೊತ್ತಿರುವುದೇ. ಎರಡನೆಯದು ಆಯ್ದುಕೊಂಡ ವಿಷಯದ್ದು. ಕನ್ನಡ, ಇಂಗ್ಲಿಷ್ ಮಾತ್ರವಲ್ಲ, ‘ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು’ ಎಂಬ ಪ್ರತ್ಯೇಕ ವಿಷಯವೂ ಪಟ್ಟಿಯಲ್ಲಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಮೀಸಲಾತಿಗೆ ಒಳಪಟ್ಟವರಿಗೆ ಶೇ. 50. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕ ಬಳಸಲಾಗುತ್ತಿದೆ. ಫೆಲೋಶಿಪ್‌ಗೆ ವಯೋಮಿತಿ ಇದೆ, ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಇಲ್ಲ, ಆದುದರಿಂದ ನಲವತ್ತು ದಾಟಿದವರು ಹಿಂಜರಿಯಬೇಕಾಗಿಲ್ಲ. ಕರ್ನಾಟಕದ ಕಾಲೇಜುಗಳ ಮಟ್ಟಿಗೆ ಕೆ-ಸೆಟ್ ಕೂಡ ಸಾಕು. ದೂರಶಿಕ್ಷಣದಲ್ಲಿ ಎಂ.ಎ. ಮಾಡುವವರು ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು.

ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡುವಂತಿಲ್ಲ. ಆದರೆ ಯುಜಿಸಿಯ 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು. ಮಹಿಳೆಯರಿಗೆ ಹೆಚ್ಚುವರಿ ಅವಧಿಯೂ 240 ದಿನಗಳ ವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ ಇದೆ. ಅರೆಕಾಲಿಕವಾಗಿ ಮಾಡುವವರು ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಓದಲು ಸಮಯ ಕೊಡಲಾಗುವುದು, ಕೋರ್ಸ್‌ವರ್ಕ್‌ಗೆ ಅಗತ್ಯವಾದರೆ ಕೆಲಸದಿಂದ ಬಿಡುವು ಕೊಡಲಾಗುವುದು ಎಂದು ಆ ಪತ್ರದಲ್ಲಿ ಇರಬೇಕು.

ನಮ್ಮ ಆಡಳಿತ ಮಂಡಳಿಗಳ ಪಾತ್ರ ಇಲ್ಲಿ ಬರುತ್ತದೆ. ಈ ಪತ್ರ ಕೇಳಿದ ಶಿಕ್ಷಕಿಗೆ ‘ಪಿಎಚ್.ಡಿ. ಆದ ಮೇಲೆ ನೀವು ಕಾಲೇಜಿಗೆ ಹೋಗುತ್ತೀರಿ, ನಮಗೇನು ಲಾಭ’ ಎಂಬ ಮಾತು ಕೇಳಿಬರುವುದುಂಟು. ಹೋಗಬಹುದು, ನಿಜ. ಆದರೆ ಓದುವ ಆ ಆರು ವರ್ಷ ಅವರು ನಮ್ಮ ಮಕ್ಕಳಿಗೇ ಪಾಠ ಮಾಡುತ್ತಾರೆ, ಮತ್ತು ಓದುತ್ತಿರುವವರ ಪಾಠ ಗೈಡ್ ನೋಡಿ ಮಾಡುವ ಪಾಠದಂತಿರುವುದಿಲ್ಲ. ಅನುದಾನರಹಿತ ಶಾಲೆಯ ಚಿಕ್ಕ ಸಂಬಳದಲ್ಲಿ ಬಸ್ಸಿನ ಖರ್ಚು, ಪರೀಕ್ಷಾ ಶುಲ್ಕ, ಪುಸ್ತಕದ ಖರ್ಚು ಎಲ್ಲವನ್ನೂ ಅವರೇ ಹಾಕುತ್ತಾರೆ. ನಾವು ಕೊಡಬೇಕಾದ್ದು ವಾರಕ್ಕೆ ಒಂದು ಅರ್ಧ ದಿನ, ಪರೀಕ್ಷೆಯ ಮುಂಚೆ ಒಂದು ವಾರ, ಕೋರ್ಸ್‌ವರ್ಕ್‌ನ ತಿಂಗಳುಗಳಿಗೆ ಬದಲಿ ವ್ಯವಸ್ಥೆ.

ಚರ್ಚಿನಲ್ಲಿಯೂ ಸ್ವಲ್ಪ ಯೋಚಿಸಬೇಕು. ಚೆನ್ನಾಗಿ ಮಾತನಾಡುವ ಯುವ ಶಿಕ್ಷಕಿ ಸಿಕ್ಕಿದರೆ ಭಾನುವಾರದ ದೊತೊರ್ನ್ ತರಗತಿ, ವಾರ್ಷಿಕೋತ್ಸವದ ನಿರೂಪಣೆ, ಗಾಯನ ಮಂಡಳಿ, ಹಬ್ಬದ ಸ್ಮರಣ ಸಂಚಿಕೆಯ ಕರಡು ತಿದ್ದುವುದು ಎಲ್ಲವನ್ನೂ ಅವರ ತಲೆಗೇ ಕಟ್ಟುವುದು ನಮ್ಮ ಹಳೆಯ ಚಾಳಿ. ಸಂಚಿಕೆಯ ಕರಡನ್ನು ಈ ವರ್ಷ ಬೇರೆ ಯಾರಾದರೂ ತಿದ್ದಲಿ.

ನಿರಾಕ್ಷೇಪಣಾ ಪತ್ರದ ಅರ್ಜಿಗೆ ಪ್ರವೇಶದ ಅಧಿಸೂಚನೆ ಬರುವವರೆಗೆ ಕಾಯಬೇಡಿ. ಅರ್ಜಿ ಹಾಕುವ ಗಡುವು ಸಾಮಾನ್ಯವಾಗಿ ಕೆಲವೇ ವಾರ, ಮಂಡಳಿಯ ಸಭೆ ಮೂರು ತಿಂಗಳಿಗೊಮ್ಮೆ. ಜೂನ್‌ನಲ್ಲಿ ಶಾಲೆ ನಡೆಯುತ್ತಿರುವಾಗಲೇ, ಸಂಶೋಧನಾ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು, ಅರ್ಜಿಯ ಜೊತೆ ಸಂಚಾಲಕರಿಗೆ ಕೊಟ್ಟು, ಸ್ವೀಕೃತಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಸಂಚಾಲಕರಾಗಿರುವ ಗುರುಗಳು ಆ ಒಂದು ಪುಟವನ್ನು ಸಭೆಯಲ್ಲಿ ಓದಿ ಹೇಳಲಿ. ಗೇಣಿ ಚೀಟಿ ಇಲ್ಲದವನಿಗೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಬಲ್ಲವರು ಮಂಡಳಿಯಲ್ಲಿಯೇ ಒಬ್ಬಿಬ್ಬರು ಇದ್ದಾರು.